ಹಿತ್ತಾಳೆಯ ಮೇಲಿನ ಅರ್ಧ ಮಿಲಿಮೀಟರ್

ಲೇತ್, ಅಂದರೆ ತುಂಡನ್ನು ತಿರುಗಿಸುವ ಕಡೆತದ ಯಂತ್ರದ ಮೇಲೆ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಪೆನ್ನು ಕಡೆಯಲು ಹೊರಟಾಗ ಕೈಯಲ್ಲಿರುವುದು 19 ಮಿ.ಮೀ. ಚೌಕದ, ಸುಮಾರು 127 ಮಿ.ಮೀ. ಉದ್ದದ ಗಟ್ಟಿ ತುಂಡು. ಕೆಲಸ ಮುಗಿದ ಮೇಲೆ ಅದರಲ್ಲಿ ಉಳಿಯುವುದು ಹಿತ್ತಾಳೆ ಕೊಳವೆಗೆ ಅಂಟಿಕೊಂಡ ಒಂದು ತೆಳು ಪದರ, ಅಷ್ಟೆ. ಎಷ್ಟು ತೆಳು ಎನ್ನುವುದನ್ನು ಮೊದಲೇ ಲೆಕ್ಕ ಹಾಕಿಕೊಂಡರೆ ಒಳ್ಳೆಯದು. ಸ್ಲಿಮ್‌ಲೈನ್ ಎಂಬ ಸರ್ವೇಸಾಮಾನ್ಯ ಪೆನ್ ಕಿಟ್‌ನಲ್ಲಿ (ಕೊಳವೆ, ತುದಿ, ಕ್ಲಿಪ್ ಮುಂತಾದ ಲೋಹದ ಭಾಗಗಳ ಜೋಡಿ) ಕೊಳವೆಯ ಹೊರವ್ಯಾಸ 7 ಮಿ.ಮೀ. ತುದಿಯಲ್ಲಿ ಲೋಹದ ಭಾಗಕ್ಕೆ ಸಮನಾಗಬೇಕಾದ ವ್ಯಾಸ ಹೆಚ್ಚುಕಡಿಮೆ 8.3 ಮಿ.ಮೀ. ಎಂದರೆ ಒಂದೊಂದು ಬದಿಗೆ 0.65 ಮಿ.ಮೀ. ಅಂಟಿನ ದಪ್ಪ, ಡ್ರಿಲ್ ತುಸು ಅಗಲವಾಗಿ ಕೊರೆದದ್ದು ಎರಡನ್ನೂ ಕಳೆದರೆ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ.

ಇಷ್ಟು ತೆಳುವಾದ ಪದರದಲ್ಲಿ ಯಾವ ತಪ್ಪೂ ಮುಚ್ಚಿಹೋಗುವುದಿಲ್ಲ. ಆದರೆ ಅದು ಆದ ಕೂಡಲೇ ಕಾಣಿಸುವುದೂ ಇಲ್ಲ. ತೂತು ಕೊರೆಯುವಾಗ ಅವಸರ ಮಾಡಿದ್ದು ಜೋಡಿಸುವಾಗ ಸೀಳಾಗಿ ಬರುತ್ತದೆ. ಅಂಟು ಹಚ್ಚುವಾಗ ಬಿಟ್ಟುಹೋದ ಜಾಗ ಕಡೆಯುವಾಗ ಚಕ್ಕೆ ಎದ್ದು ತೋರಿಸುತ್ತದೆ. ಅದಕ್ಕೇ ಪೆನ್ನು ಎಲ್ಲಿ ಕೆಟ್ಟಿತೋ ಅಲ್ಲಿ ಕಾರಣ ಹುಡುಕದೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನೋಡುವುದು ನನ್ನ ಪದ್ಧತಿ.

ಅಕ್ರಿಲಿಕ್ ಎಂದು ಕರೆಯುವುದೆಲ್ಲ ಒಂದೇ ಸರಕಲ್ಲ. ಅಸಲು ಅಕ್ರಿಲಿಕ್, ಅಂದರೆ ಪಾಲಿಮೀಥೈಲ್ ಮೆಥಾಕ್ರಿಲೇಟ್, ಉಳಿ ಹರಿತವಾಗಿದ್ದರೆ ರಿಬ್ಬನ್ನಿನಂತೆ ಉದ್ದುದ್ದ ಎಳೆ ಬಿಡುತ್ತದೆ. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಎರಕ ಹೊಯ್ದ ತುಂಡು ಇನ್ನೂ ಪೆಡಸು, ಗಾಜಿನ ಹಾಗೆ ಚೂರಾಗಿ ಎಗರುತ್ತದೆ. ಕೈಗೆ ಬಂದದ್ದು ಯಾವುದೆಂದು ಅನುಮಾನವಿದ್ದರೆ ಮೂಲೆಯನ್ನು ಹರಿತವಾದ ಚಾಕುವಿನಿಂದ ಹೆರೆದು ನೋಡಬಹುದು. ಸುರುಳಿ ಬಂದರೆ ಧೈರ್ಯವಾಗಿ ಕಡೆಯಿರಿ, ಪುಡಿ ಬಂದರೆ ಪ್ರತಿ ಹೆಜ್ಜೆಯಲ್ಲೂ ಕೈ ಇನ್ನಷ್ಟು ಹಗುರವಿರಲಿ.

ಎರಡಕ್ಕೂ ಶಾಖವೇ ಶತ್ರು. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ, ಉಜ್ಜುವ ಜಾಗದಲ್ಲಿ ಆ ಬಿಸಿ ಹುಟ್ಟಲು ಕೆಲವೇ ಸೆಕೆಂಡು ಸಾಕು. ಮೇಲಾಗಿ ಶಾಖವನ್ನು ಸಾಗಿಸುವ ಶಕ್ತಿ ಇದಕ್ಕೆ ಹಿತ್ತಾಳೆಯ ಐನೂರರಲ್ಲೊಂದು ಪಾಲಿನಷ್ಟೂ ಇಲ್ಲ. ಹುಟ್ಟಿದ ಬಿಸಿ ಹುಟ್ಟಿದಲ್ಲೇ ನಿಲ್ಲುತ್ತದೆ. ಬಿಸಿಗೆ ಹಿಗ್ಗುವುದರಲ್ಲಿ ಮಾತ್ರ ಹಿತ್ತಾಳೆಯ ಮೂರು ಪಟ್ಟಿಗೂ ಹೆಚ್ಚು. ಒಳಗೆ ಹಿತ್ತಾಳೆ, ಹೊರಗೆ ಅಕ್ರಿಲಿಕ್ ಇರುವ ವಸ್ತುವಿನಲ್ಲಿ ಇದು ಎಂಥ ಜಗಳ ತರುತ್ತದೆಂದು ಊಹಿಸಿಕೊಳ್ಳಬಹುದು.

ಕೊಳವೆ ಒಂದೊಂದೂ ಸುಮಾರು 53 ಮಿ.ಮೀ. ಉದ್ದ, ಒಂದು ಪೆನ್ನಿಗೆ ಎರಡು. ತುಂಡನ್ನು ಕುಯ್ಯುವ ಮುನ್ನ ಒಂದು ಮುಖದ ಉದ್ದಕ್ಕೂ ಮಾರ್ಕರ್‌ನಿಂದ ಗೆರೆ ಎಳೆದು, ನಡುವೆ ಸೇರುವ ಕಡೆಗೆ ಎರಡು ಬಾಣ ಹಾಕುತ್ತೇನೆ. ಇದನ್ನು ಮರೆತರೆ ಕೊನೆಯಲ್ಲಿ ಮೇಲಿನ ಅರ್ಧದ ಬಣ್ಣದ ಸುಳಿ ಕೆಳಗಿನ ಅರ್ಧಕ್ಕೆ ಬೆನ್ನು ತಿರುಗಿಸಿ ನಿಂತಿರುತ್ತದೆ. ಕೊಳವೆಗಿಂತ ಆರೇಳು ಮಿ.ಮೀ. ಹೆಚ್ಚಿಟ್ಟು, ಸಣ್ಣ ಹಲ್ಲಿನ ಗರಗಸದಲ್ಲಿ 60 ಮಿ.ಮೀ.ಗೆ ಎರಡು ತುಂಡು ಮಾಡಿಕೊಳ್ಳುತ್ತೇನೆ. ಬ್ಯಾಂಡ್‌ಸಾ ಇದ್ದರೆ ಅದರಲ್ಲೇ ನಾಲ್ಕು ಮೂಲೆಗಳನ್ನೂ ಸವರಿ ಎಂಟು ಮುಖ ಮಾಡಿಬಿಡುವುದು ಜಾಣತನ. ಕಡೆಯುವಾಗ ಮೊದಲು ಎಗರುವುದು ಆ ಮೂಲೆಗಳೇ. ಸವರುವುದಾದರೆ ತೂತು ಕೊರೆದ ನಂತರ, ಏಕೆಂದರೆ ಚೌಕ ತುಂಡನ್ನು ಲೇತ್‌ನ ಹಿಡಿಕೆಯಾದ ಚಕ್ ಚೆನ್ನಾಗಿ ಹಿಡಿಯುತ್ತದೆ.

ತೂತು ಕೊರೆಯುವುದೇ ಇಡೀ ಕೆಲಸದ ಜೀವಾಳ. ಡ್ರಿಲ್ ಪ್ರೆಸ್‌ನಲ್ಲೂ ಆಗುತ್ತದೆ, ಆದರೆ ಲೇತ್‌ನಲ್ಲೇ ಕೊರೆಯುವುದು ಮೇಲು. ತುಂಡನ್ನು ಹೆಡ್‌ಸ್ಟಾಕ್‌ನ (ಲೇತ್‌ನ ತಿರುಗುವ ತಲೆಯ) ಚಕ್ಕಿಗೆ ಕಚ್ಚಿಸಿ, ಡ್ರಿಲ್ ಬಿಟ್ಟನ್ನು ಟೈಲ್‌ಸ್ಟಾಕ್‌ನ (ಎದುರಿನ ತಿರುಗದ ತುದಿಯ) ಡ್ರಿಲ್ ಚಕ್‌ನಲ್ಲಿ ಹಿಡಿದರೆ ತೂತು ನೆಟ್ಟಗೆ ಬರುತ್ತದೆ. ಮೊದಲು ಸೆಂಟರ್ ಡ್ರಿಲ್ ಎಂಬ ಗಿಡ್ಡ ಬಿಟ್ಟಿನಿಂದ ಒಂದು ಗುಳಿ ಮಾಡಬೇಕು, ಇಲ್ಲದಿದ್ದರೆ 7 ಮಿ.ಮೀ. ಡ್ರಿಲ್ ಬಿಟ್ಟು ಆರಂಭದಲ್ಲೇ ಅಡ್ಡ ಜಾರಿ ಕೊನೆಯವರೆಗೂ ವಾರೆಯಾಗಿಯೇ ಸಾಗುತ್ತದೆ. ವೇಗ ನಿಮಿಷಕ್ಕೆ 500ರಿಂದ 700 ಸುತ್ತು. ಐದು ಮಿ.ಮೀ. ಒಳಗೆ ಹೋದ ಮೇಲೆ ಬಿಟ್ಟನ್ನು ಪೂರ್ತಿ ಹೊರಗೆಳೆದು, ಅದರ ಸುರುಳಿ ತೋಡಿನಲ್ಲಿ ತುಂಬಿದ ಎಳೆಗಳನ್ನು ಬ್ರಷ್‌ನಿಂದ ತೆಗೆದು, ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ ಬೆರೆಸಿದ ನೀರನ್ನು ಸಿಂಪಡಿಸಿ ಮತ್ತೆ ಐದು ಮಿ.ಮೀ. ಹೀಗೆ ಹನ್ನೊಂದು ಸಲ. ಬೇಸರದ ಕೆಲಸ, ನಿಜ. ಆದರೆ ನಡುವೆ ಒಮ್ಮೆ ತಾಳ್ಮೆ ತಪ್ಪಿ ಇಪ್ಪತ್ತು ಮಿ.ಮೀ. ಒಂದೇ ಉಸಿರಿಗೆ ತಳ್ಳಿದರೆ ಎಳೆಗಳು ಕರಗಿ ಬಿಟ್ಟಿಗೇ ಅಂಟುತ್ತವೆ, ತೂತಿನ ಗೋಡೆ ಹರಿದು ಒರಟಾಗುತ್ತದೆ, ಕೆಲವೊಮ್ಮೆ ಬಿಟ್ಟು ಒಳಗೇ ಕಚ್ಚಿಕೊಳ್ಳುತ್ತದೆ. ಚುರುಕಾದ ವಾಸನೆ ಮೂಗಿಗೆ ಬಂದರೆ ಆಗಲೇ ಶಾಖ ಮಿತಿ ದಾಟಿದೆ ಎಂದು ಅರ್ಥ.

ಬಿಸಿಯಲ್ಲಿ ಕೊರೆದ ತೂತಿಗೆ ಇನ್ನೊಂದು ರೋಗ ಇದೆ. ಬಿಸಿಯಾಗಿದ್ದಾಗ ಸರಿಯಿದ್ದ ಅಳತೆ ತಣ್ಣಗಾದ ಮೇಲೆ ಕುಗ್ಗುತ್ತದೆ. ಕೊಳವೆ ಹೋಗುವುದಿಲ್ಲ. ಒತ್ತಿ ತುರುಕಿದರೆ ಹೋಗುತ್ತದೆ, ಆದರೆ ಅಕ್ರಿಲಿಕ್ ಆ ಬಿಗಿತವನ್ನು ಒಳಗೇ ಇಟ್ಟುಕೊಂಡು ಕಾಯುತ್ತದೆ. ಹದಿನೈದು ಮಿ.ಮೀ. ದಪ್ಪ ಇರುವವರೆಗೂ ಅದರ ಸುಳಿವೇ ಸಿಗುವುದಿಲ್ಲ. ಕಡೆದು ಅರ್ಧ ಮಿ.ಮೀ.ಗೆ ತಂದ ಮೇಲೆ ಕೂದಲೆಳೆಯ ಸೀಳು. ಆದ್ದರಿಂದ ಕೊರೆದ ತುಂಡು ಪೂರ್ತಿ ತಣ್ಣಗಾದ ಮೇಲೆಯೇ ಕೊಳವೆಯನ್ನು ಒಣಗಿಯೇ ಹಾಕಿ ನೋಡಬೇಕು. ಬೆರಳಿನ ಒತ್ತಡಕ್ಕೆ ಸರಾಗವಾಗಿ ಜಾರಬೇಕು, ಅಲುಗಾಡಬಾರದು. ಬಿಗಿ ಅನ್ನಿಸಿದರೆ ಅದೇ ಬಿಟ್ಟನ್ನು ನಿಧಾನವಾಗಿ ಇನ್ನೊಮ್ಮೆ ಓಡಿಸಬಹುದು, ಇಲ್ಲವೇ 7.1 ಮಿ.ಮೀ. ಡ್ರಿಲ್ ಬಿಟ್ಟು ಬಳಸಬಹುದು.

ಆಚೆ ತುದಿಯವರೆಗೆ ಕೊರೆಯುವುದು ಬೇಡ. ಬಿಟ್ಟು ಹೊರಬರುವ ಗಳಿಗೆಯಲ್ಲಿ ಅದರ ಮುಂದೆ ಆಧಾರವಿರುವುದಿಲ್ಲ, ಶಂಕುವಿನಾಕಾರದ ದೊಡ್ಡ ಚಕ್ಕೆ ಸಿಡಿದುಹೋಗುತ್ತದೆ. 56 ಮಿ.ಮೀ. ಆಳಕ್ಕೆ ನಿಲ್ಲಿಸಿ, ಉಳಿದ ಮುಚ್ಚಿದ ತುದಿಯನ್ನು ಗರಗಸದಿಂದ ಕುಯ್ದರೆ ತೂತು ಅಂಚು ಒಡೆಯದೆ ತೆರೆದುಕೊಳ್ಳುತ್ತದೆ. ಬಿಟ್ಟಿನ ಮೇಲೆ ಆ ಅಳತೆಗೆ ಟೇಪ್ ಸುತ್ತಿಟ್ಟುಕೊಂಡರೆ ಸಾಕು.

ಇನ್ನು ಬಣ್ಣ. ತುಂಡು ದಪ್ಪವಿದ್ದಾಗ ಕಡುನೀಲಿಯಾಗಿ ಕಂಡದ್ದು ಅರ್ಧ ಮಿ.ಮೀ.ಗೆ ಬಂದಾಗ ಬಣ್ಣದ ಗಾಜಿನಂತೆ ತಿಳಿಯಾಗುತ್ತದೆ. ಒಳಗಿನ ಹಿತ್ತಾಳೆ, ಅಂಟು ತಲುಪದ ಗುಳ್ಳೆ, ಕೊಳವೆಯ ಮೇಲಿನ ಬೆರಳಚ್ಚು ಎಲ್ಲ ಹೊರಗಿನಿಂದ ಕಾಣುತ್ತವೆ. ಸರಕು ಅಪಾರದರ್ಶಕ ಎಂದು ಚೀಟಿಯಲ್ಲಿದ್ದರೂ ನಂಬುವುದಿಲ್ಲ. ಕೊಳವೆಯನ್ನು 220ರ ಉಪ್ಪುಕಾಗದದಲ್ಲಿ (ಅಂಕಿ ಹೆಚ್ಚಿದಷ್ಟೂ ಕಾಗದ ನಯ) ಅಡ್ಡಡ್ಡ ಉಜ್ಜಿ ಹೊಳಪು ಕಳೆದು, ಬಣ್ಣ ಹಚ್ಚುತ್ತೇನೆ. ತೂತಿನ ಒಳಗೋಡೆಗೂ ಹತ್ತಿಕಡ್ಡಿಯಿಂದ ಅದೇ ಬಣ್ಣದ ಎರಡು ತೆಳು ಲೇಪ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ತೂತಿನ ಒಳಗೋಡೆಯನ್ನೇ ಆರಿಸುತ್ತೇನೆ. ಕೊಳವೆಯ ಮೇಲಿನ ಬಣ್ಣ ತೂರಿಸುವಾಗ ಕೆರೆದುಹೋಗಬಹುದು, ಅಂಟಿನ ಗುಳ್ಳೆಯೂ ಅದರ ಮೇಲೆಯೇ ಕಾಣುತ್ತದೆ. ಗೋಡೆಗೆ ಹಚ್ಚಿದ ಬಣ್ಣ ಹಾಗಲ್ಲ, ತನ್ನ ಹಿಂದೆ ಇರುವುದನ್ನೆಲ್ಲ ಮರೆಮಾಡುತ್ತದೆ. ಬಣ್ಣ ನೀರಿನಲ್ಲಿ ಕದಡುವ ಬಗೆಯದೇ ಆಗಿರಲಿ. ಥಿನ್ನರ್ ಇರುವ ಬಣ್ಣ ಅಕ್ರಿಲಿಕ್ಕನ್ನೇ ತಿನ್ನುತ್ತದೆ. ಒಂದು ರಾತ್ರಿ ಒಣಗಬೇಕು.

ಅಂಟಿಗೆ ಸೂಪರ್ ಗ್ಲೂ ಬಳಸುವವರೂ ಇದ್ದಾರೆ. ಕೊಳವೆ ಅರ್ಧ ದಾರಿಯಲ್ಲಿರುವಾಗಲೇ ಅದು ಗಟ್ಟಿಯಾದರೆ ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ, ತುಂಡು ಕಸದಬುಟ್ಟಿಗೆ. ನನ್ನ ಆಯ್ಕೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ. ಕೊಳವೆಯ ಎರಡು ಬಾಯಿಗಳಿಗೂ ಮಾಡೆಲಿಂಗ್ ಜೇಡಿಯನ್ನು ಒತ್ತಿ ಮುಚ್ಚಬೇಕು, ಅಂಟು ಒಳಗೆ ಸೇರಿದರೆ ಜೋಡಣೆಯ ಹೊತ್ತಿಗೆ ಅದೇ ಮುಳ್ಳಾಗುತ್ತದೆ. ತೂತಿನೊಳಗೆ ಸ್ವಲ್ಪ, ಕೊಳವೆಯ ಮೈಗೆ ಸ್ವಲ್ಪ ಹಚ್ಚಿ, ತಿರುಗಿಸುತ್ತಾ ಒಳಗೆ ಬಿಡಬೇಕು, ನಡುವೆ ಎರಡು ಸಲ ಹಿಂದೆಮುಂದೆ ಆಡಿಸಬೇಕು. ಹಾಗೆ ಆಡಿಸಿದಾಗಲೇ ಅಂಟು ಸುತ್ತಲೂ ಹರಡುವುದು. ಅಂಟಿಲ್ಲದ ಟೊಳ್ಳು ಜಾಗದ ಮೇಲೆ ಉಳಿ ಬಿದ್ದ ಕ್ಷಣ ಅಕ್ರಿಲಿಕ್ ಒಳಕ್ಕೆ ಬಾಗಿ ಚಕ್ಕೆ ಏಳುತ್ತದೆ. ಕೊಳವೆಯ ತುದಿ ಎರಡೂ ಕಡೆ ಅಂಚಿನಿಂದ ತುಸು ಒಳಗಿರುವಂತೆ ನಿಲ್ಲಿಸಿ 24 ಗಂಟೆ ಮುಟ್ಟದೆ ಬಿಡಿ.

ಮರುದಿನ ಮೊದಲ ಕೆಲಸ ತುದಿಗಳನ್ನು ಕೊಳವೆಗೆ ಲಂಬವಾಗಿ ಸಮ ಮಾಡುವುದು. ಕೊಳವೆಯೊಳಗೆ ತೂರುವ ದಂಡ, ಅದರ ಸುತ್ತ ನಾಲ್ಕೋ ಆರೋ ಹಲ್ಲು ಇರುವ ಬ್ಯಾರಲ್ ಟ್ರಿಮ್ಮರ್ ಇದಕ್ಕಾಗಿಯೇ ಇದೆ. ಮರಕ್ಕೆ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಅಕ್ರಿಲಿಕ್‌ನಲ್ಲಿ ಹಲ್ಲು ಚೂರೇ ಮೊಂಡಾಗಿದ್ದರೂ ಅಂಚನ್ನು ಕಚ್ಚಿ ಒಡೆಯುತ್ತದೆ. ಕಡಿಮೆ ವೇಗದಲ್ಲಿ, ಒತ್ತದೆ, ನೀರು ಹಾಕುತ್ತಾ ಮಾಡಿದರೆ ಪರವಾಗಿಲ್ಲ. ಅದಕ್ಕಿಂತ ಭರವಸೆಯ ದಾರಿ ಉಪ್ಪುಕಾಗದದ ತಟ್ಟೆ. ಲೇತ್‌ಗೆ 180ರ ಕಾಗದ ಅಂಟಿಸಿದ ತಟ್ಟೆ ಹಾಕಿ, ಕೊಳವೆಯೊಳಗೆ ಸರಿಯಾಗಿ ಕೂರುವ ದಂಡವನ್ನು ಟೈಲ್‌ಸ್ಟಾಕ್‌ನಲ್ಲಿ ಹಿಡಿದು, ತುಂಡನ್ನು ಅದರ ಮೇಲೆ ಜಾರಿಸುತ್ತಾ ತಟ್ಟೆಗೆ ತಾಗಿಸುವುದು. ಹಿತ್ತಾಳೆಯ ಉಂಗುರ ಸುತ್ತಲೂ ಒಂದೇ ಸಮ ಹೊಳೆದ ತಕ್ಷಣ ನಿಲ್ಲಿಸಬೇಕು. ಅರ್ಧಚಂದ್ರದಂತೆ ಒಂದು ಕಡೆ ಮಾತ್ರ ಹೊಳೆಯುತ್ತಿದ್ದರೆ ಇನ್ನೂ ಲಂಬವಾಗಿಲ್ಲ. ಹೊಳೆದ ಮೇಲೂ ಮುಂದುವರಿದರೆ ಕೊಳವೆಯೇ ಗಿಡ್ಡವಾಗಿ, ಮುಂದೆ ರೀಫಿಲ್ ಕೂರುವ ಲೆಕ್ಕ ತಪ್ಪುತ್ತದೆ.

ಮ್ಯಾಂಡ್ರೆಲ್ ಎಂದರೆ ಎರಡು ತುಂಡುಗಳನ್ನೂ ಪೋಣಿಸುವ ತೆಳು ಉಕ್ಕಿನ ದಂಡ. ಬುಶ್ (ಪೆನ್ನಿನ ಕೊನೆಯ ವ್ಯಾಸ ತೋರಿಸುವ ಲೋಹದ ಉಂಗುರ), ತುಂಡು, ಬುಶ್, ತುಂಡು, ಬುಶ್, ಕೊನೆಗೆ ನಟ್ಟು. ಈ ನಟ್ಟನ್ನು ಬೆರಳಲ್ಲೇ ಬಿಗಿ ಮಾಡಬೇಕು, ಸ್ಪ್ಯಾನರ್ ಮುಟ್ಟಬಾರದು. ಟೈಲ್‌ಸ್ಟಾಕ್‌ನ 60 ಡಿಗ್ರಿ ಲೈವ್ ಸೆಂಟರ್ (ತುಂಡಿನ ಜೊತೆ ತಿರುಗುವ ಚೂಪು ಆಧಾರ) ಕೂಡ ತಾಗಿ ತಿರುಗುವಷ್ಟು ಮಾತ್ರ ಒತ್ತಲಿ. ಆರು ಮಿ.ಮೀ. ಚಿಲ್ಲರೆ ದಪ್ಪದ ದಂಡ ಅದು, ಎರಡೂ ತುದಿಯಿಂದ ಒತ್ತಿದರೆ ನಡುವೆ ಬಿಲ್ಲಾಗುತ್ತದೆ. ಲೇತ್ ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ, ಕಡೆದು ಮುಗಿಸಿ ಉಗುರು ಸವರಿದಾಗ ಒಂದು ಬದಿ ಬುಶ್‌ಗೆ ಸಮ, ಎದುರು ಬದಿ ಮೆಟ್ಟಿಲು. ಪೆನ್ನು ವೃತ್ತವಾಗಿಲ್ಲ ಎನ್ನುವುದಕ್ಕೆ ಇದೇ ಗುರುತು. ನಟ್ಟು ಸಡಿಲಿಸಿಯೂ ಇದು ಹೋಗದಿದ್ದರೆ ಹೆಡ್‌ಸ್ಟಾಕ್‌ನ ಮೋರ್ಸ್ ಟೇಪರ್‌ನಲ್ಲಿ (ಮ್ಯಾಂಡ್ರೆಲ್ ಕೂರುವ ಇಳಿಜಾರು ತೂತಿನಲ್ಲಿ) ಕಸ ಕೂತಿರಬಹುದು, ಬುಶ್‌ನ ಒಳತೂತು ಸವೆದಿರಬಹುದು, ಇಲ್ಲವೇ ತುದಿ ಲಂಬವಾಗಿಲ್ಲದೆ ಇರಬಹುದು. ಕೈ ಕುದುರಿದ ಮೇಲೆ ಮ್ಯಾಂಡ್ರೆಲ್ಲನ್ನೇ ಬಿಟ್ಟು ಎರಡು ಸೆಂಟರ್‌ಗಳ ನಡುವೆ ಒಂದೊಂದೇ ತುಂಡನ್ನು ಕಡೆಯುವುದು ದಂಡ ಬಾಗುವ ಕಾಟಕ್ಕೆ ಮದ್ದು.

ಕಡೆಯುವ ಮೊದಲು ಮುಖ ಪೂರ್ತಿ ಮುಚ್ಚುವ ಶೀಲ್ಡ್, ಮೂಗಿಗೆ ಮಾಸ್ಕ್. ಕೈಗವಸು ಹಾಕಬಾರದು, ತೋಳು ಮೇಲಕ್ಕೆ ಮಡಚಿರಬೇಕು, ಕೂದಲು ಕಟ್ಟಿರಬೇಕು. ಸಿಡಿಯುವ ಮೂಲೆ ಕನ್ನಡಕದ ಬದಿಯಿಂದಲೂ ನುಗ್ಗುತ್ತದೆ.

ಒರಟು ಹಂತಕ್ಕೆ 1500 ಸುತ್ತು, ತುಂಡು ದುಂಡಗಾದ ಮೇಲೆ 2500ರಿಂದ 3000. ಕೇಳಲು ಹೆಚ್ಚೆನಿಸಿದರೂ 8.3 ಮಿ.ಮೀ. ವ್ಯಾಸದಲ್ಲಿ 3000 ಸುತ್ತು ಎಂದರೆ ಉಳಿಯ ಮುಂದೆ ಹಾಯುವುದು ನಿಮಿಷಕ್ಕೆ 78 ಮೀಟರ್ ಮಾತ್ರ. ಉಳಿ ಆನಿಸುವ ಟೂಲ್ ರೆಸ್ಟ್ ತುಂಡಿನಿಂದ 4–5 ಮಿ.ಮೀ. ದೂರದಲ್ಲಿರಲಿ, ವ್ಯಾಸ ಇಳಿದ ಹಾಗೆ ಲೇತ್ ನಿಲ್ಲಿಸಿ ಹತ್ತಿರಕ್ಕೆ ತರುತ್ತಿರಬೇಕು. ಕಾರ್ಬೈಡ್ ತುದಿಯ ಉಳಿಯಾದರೆ ಅದರ ಅಂಚು ಸರಿಯಾಗಿ ತುಂಡಿನ ನಡುಮಟ್ಟದಲ್ಲಿರಬೇಕು. ತುಂಡಿನ ತುದಿಯಿಂದ ನಡುವಿಗೆ ಎಂದೂ ಉಳಿ ನುಗ್ಗಿಸಬೇಡಿ, ಅಂಚು ಕಿತ್ತುಬರುತ್ತದೆ. ನಡುವಿನಿಂದ ತುದಿಯ ಕಡೆಗೆ, ತೆಳುವಾಗಿ.

ಆರಂಭದಲ್ಲಿ ಟಕಟಕ ಸದ್ದು ಬರುತ್ತದೆ, ಅದು ಮೂಲೆಗಳು ಉಳಿಗೆ ಬಡಿಯುವುದು. ದುಂಡಗಾದಂತೆ ಸದ್ದು ಮೆತ್ತಗಾಗಿ ಒಂದೇ ಸಮನೆ ಸೀಟಿಯಂತೆ ಆಗುತ್ತದೆ. ಇಲ್ಲಿ ಕಣ್ಣಿಗಿಂತ ಕಿವಿ ಬೇಗ ತಿಳಿಯುತ್ತದೆ. ನಯವಾದ ಸದ್ದಿನ ನಡುವೆ ಮತ್ತೆ ಟಕ್ ಎಂದರೆ ಎಲ್ಲೋ ಚಕ್ಕೆ ಎದ್ದಿದೆ, ತಕ್ಷಣ ನಿಲ್ಲಿಸಿ. ಚಕ್ಕೆ ಸಿಕ್ಕರೆ ತೆಳು ಸೂಪರ್ ಗ್ಲೂ ಹಾಕಿ ಅದೇ ಜಾಗಕ್ಕೆ ಕೂರಿಸಿದರೆ ಬಹುಪಾಲು ಗುರುತು ಉಳಿಯುವುದಿಲ್ಲ. ಇದಕ್ಕಾಗಿಯೇ ಕಡೆಯುವ ಮೊದಲು ನೆಲ ಗುಡಿಸಿಟ್ಟುಕೊಳ್ಳುವುದು ಲಾಭ.

ಬರುವ ಎಳೆಯನ್ನು ನೋಡಿ ಉಳಿಯ ಹರಿತ ಹೇಳಬಹುದು. ಉದ್ದ ರಿಬ್ಬನ್ ಬಂದರೆ ಸರಿ, ಬಿಳಿ ಪುಡಿ ಬಂದರೆ ಉಳಿ ಮೊಂಡಾಗಿದೆ ಅಥವಾ ಕೋನ ತಪ್ಪಿದೆ. ಉಳಿಯನ್ನು ಚಪ್ಪಟೆಯಾಗಿ ಎದುರಿಗೆ ಹಿಡಿಯದೆ 45 ಡಿಗ್ರಿ ಓರೆ ಮಾಡಿ ಕತ್ತರಿಸುವಂತೆ ಹಿಡಿದರೆ ಮೈ ಮೊದಲೇ ಅರೆಹೊಳಪಾಗಿ ಬರುತ್ತದೆ. ಆದರೆ ಈ ರಿಬ್ಬನ್‌ಗಳು ಮ್ಯಾಂಡ್ರೆಲ್‌ಗೆ ಸುತ್ತಿಕೊಂಡು ಹತ್ತಿಯುಂಡೆಯಂತೆ ತುಂಡನ್ನೇ ಮುಚ್ಚಿಬಿಡುತ್ತವೆ. ತಿರುಗುವಾಗ ಕೈಯಿಂದ ಎಳೆಯಲು ಹೋಗಬಾರದು. ನಿಲ್ಲಿಸಿ, ಬ್ರಷ್‌ನಿಂದ ತೆಗೆಯಬೇಕು.

ಬುಶ್ ಮುಟ್ಟುವವರೆಗೆ ಕಡೆಯುವುದಿಲ್ಲ. ವರ್ನಿಯರ್‌ನಿಂದ ಕಿಟ್‌ನ ಲೋಹದ ಭಾಗವನ್ನೇ ಅಳೆದು, ಅದಕ್ಕಿಂತ 0.1 ಮಿ.ಮೀ. ಹೆಚ್ಚಿರುವಾಗ ಉಳಿ ಕೆಳಗಿಡುತ್ತೇನೆ. ಬುಶ್ ಉಪ್ಪುಕಾಗದ ತಾಗಿ ತಾಗಿ ಸವೆಯುತ್ತದೆ, ಅದರ ಅಳತೆಯನ್ನು ನಂಬಿದರೆ ಪೆನ್ನು ಲೋಹಕ್ಕಿಂತ ಸಣ್ಣದಾಗುತ್ತದೆ. ಉಳಿದ 0.1 ಉಜ್ಜುವಾಗ ಹೋಗುತ್ತದೆ.

ಉಜ್ಜುವುದೆಲ್ಲ ನೀರಿನಲ್ಲಿ, ವೇಗ 600–800 ಸುತ್ತು. ಲೇತ್‌ನ ಹಾಸಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಮರುದಿನ ತುಕ್ಕು. 400ರ ವಾಟರ್ ಪೇಪರ್‌ನಿಂದ ಶುರು, ನಂತರ 600, ಆಮೇಲೆ ಮೈಕ್ರೋ ಮೆಷ್ ಎಂಬ ಹೊಳಪಿನ ಉಜ್ಜುಪಟ್ಟಿಯ ಒಂಬತ್ತು ಪ್ಯಾಡ್‌ಗಳು: 1500, 1800, 2400, 3200, 3600, 4000, 6000, 8000, 12000. ಈ ಅಂಕಿಗಳು ಸಾಮಾನ್ಯ ಕಾಗದದ ಅಂಕಿಗಳಲ್ಲ. ಮೈಕ್ರೋ ಮೆಷ್‌ನ 1500 ಸಾಕಷ್ಟು ಒರಟು, ಸಾಮಾನ್ಯ 2000ದಿಂದ ಅದಕ್ಕೆ ಹೋದರೆ ಮೈಗೆ ಹೊಸ ಗೀರು ಬೀಳುತ್ತದೆ. ಪ್ರತಿ ಪ್ಯಾಡ್ ಮುಗಿದ ಮೇಲೆ ಲೇತ್ ನಿಲ್ಲಿಸಿ, ಅದೇ ಪ್ಯಾಡ್‌ನಿಂದ ಪೆನ್ನಿನ ಉದ್ದಕ್ಕೆ ಕೈಯಲ್ಲಿ ಉಜ್ಜಬೇಕು. ಸುತ್ತಗೀರುಗಳು ಹೋಗುವುದು ಇದರಿಂದಲೇ. ಬಟ್ಟೆಯಿಂದ ಒರೆಸಿ, ಒಣಗಿಸಿ, ದೀಪ ಓರೆಯಾಗಿ ಬೀಳುವಂತೆ ನೋಡಿ. ಒದ್ದೆ ಮೈಯಲ್ಲಿ ಎಲ್ಲ ಗೀರೂ ಮುಚ್ಚಿರುತ್ತದೆ. 400ರಲ್ಲಿ ಉಳಿದ ಗೀರನ್ನು 12000 ತೆಗೆಯುವುದಿಲ್ಲ, ಅದಕ್ಕೆ ಹೊಳಪು ಕೊಡುತ್ತದೆ ಅಷ್ಟೆ. ಮುಂದೆ ಹೋದಷ್ಟೂ ಮರಳಿ 400ಕ್ಕೆ ಬರಲು ಮನಸ್ಸಾಗುವುದಿಲ್ಲ, ಆದ್ದರಿಂದ ಮೊದಲೆರಡು ಕಾಗದಗಳಿಗೇ ಅರ್ಧ ಸಮಯ ಕೊಡುವುದು ನ್ಯಾಯ.

ಬಿಳಿ ಅಥವಾ ತಿಳಿಬಣ್ಣದ ಅಕ್ರಿಲಿಕ್ ಆದರೆ ಉಕ್ಕಿನ ಬುಶ್ ಇಟ್ಟುಕೊಂಡು ಉಜ್ಜಬೇಡಿ. ಸವೆದ ಉಕ್ಕಿನ ಪುಡಿ ತುದಿಗಳಲ್ಲಿ ಬೂದು ಮಸಿಯಾಗಿ ಕೂರುತ್ತದೆ. ಪ್ಲಾಸ್ಟಿಕ್ ಬುಶ್ ಹಾಕಿಕೊಂಡರೆ ಆ ಕಾಟವಿಲ್ಲ.

ಕೊನೆಗೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ತಿಕ್ಕಿದರೆ ಮೈ ಗಾಜಾಗುತ್ತದೆ. ಬಫ್ ಚಕ್ರ ಬಳಸುವುದಾದರೆ ಒಂದೇ ಜಾಗದಲ್ಲಿ ನಿಲ್ಲಿಸಬೇಡಿ, ಅಲ್ಲೇ ಕರಗಿ ಮಂಜು ಹಿಡಿಯುತ್ತದೆ. ಮೇಲೆ ಯಾವ ಲೇಪವೂ ಬೇಕಿಲ್ಲ. ಸ್ವಚ್ಛ ಮಾಡಲು ಸ್ಪಿರಿಟ್, ಅಸಿಟೋನ್ ಮುಟ್ಟಿಸಬಾರದು. ಆಗಷ್ಟೇ ಕಡೆದು ಬಿಗಿತ ತುಂಬಿರುವ ಅಕ್ರಿಲಿಕ್‌ಗೆ ಅವು ತಾಗಿದರೆ ಮೈತುಂಬ ಸೂಕ್ಷ್ಮ ಬಿರುಕಿನ ಬಲೆ ಏಳುತ್ತದೆ. ಸೋಪುನೀರು ಸಾಕು.

ಜೋಡಿಸುವ ಮೊದಲು ಕೊಳವೆಯ ಒಳಗನ್ನು ಬೆಳಕಿಗೆ ಹಿಡಿದು ನೋಡಿ. ಒಣಗಿದ ಅಂಟಿನ ಚುಕ್ಕೆ ಇದ್ದರೆ ದುಂಡು ಅರದಿಂದ ತೆಗೆದು, ಬಾಯಂಚನ್ನು ಒಳಗಿನಿಂದ ಒಂದು ಸುತ್ತು ಸವರಿ. ಲೋಹದ ಭಾಗ ಆ ಚುಕ್ಕೆಯ ಮೇಲೆ ಹತ್ತಿದರೆ ಕೊಳವೆ ಹಿಗ್ಗುತ್ತದೆ, ಹಿತ್ತಾಳೆ ಅದನ್ನು ತಾಳಿಕೊಂಡರೂ ಹೊರಗಿನ ಅರ್ಧ ಮಿ.ಮೀ. ತಾಳುವುದಿಲ್ಲ. ಒತ್ತಲು ಪೆನ್ ಪ್ರೆಸ್ಸೇ ಬೇಕೆಂದಿಲ್ಲ, ಹಲ್ಲುಗಳಿಗೆ ಮರದ ಪಟ್ಟಿ ಹಾಕಿದ ಬೆಂಚ್ ವೈಸ್ ಆಗುತ್ತದೆ. ಭಾಗ ನೇರವಾಗಿ ನಿಂತಿದೆಯೇ ಎಂದು ಎರಡು ಬದಿಯಿಂದ ನೋಡಿ ಮೆಲ್ಲನೆ ಒತ್ತಬೇಕು. ವಾರೆಯಾದರೆ ಅಲ್ಲೇ ನಿಲ್ಲಿಸಿ, ಹಿಂದೆ ತೆಗೆದು, ತುಂಡನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಶುರು ಮಾಡಿ.

ಮೊದಲು ಕೆಳಗಿನ ತುಂಡಿಗೆ ಬರೆಯುವ ತುದಿಯ ಲೋಹ, ನಂತರ ಅದರ ಇನ್ನೊಂದು ಬಾಯಿಗೆ ತಿರುಗಿಸುವ ಮೆಕ್ಯಾನಿಸಂ, ಹಿತ್ತಾಳೆ ಬದಿ ಮುಂದಾಗಿ. ಇದನ್ನು ಒಂದೇ ಸಲಕ್ಕೆ ಗುರುತಿನವರೆಗೆ ಒತ್ತುವುದಿಲ್ಲ. ಎರಡು ಮಿ.ಮೀ. ಮೊದಲೇ ನಿಲ್ಲಿಸಿ, ರೀಫಿಲ್ ತಿರುಚಿ ಹಾಕಿ, ತಿರುಗಿಸಿ ನೋಡಿ. ಮೊನೆ ಹೊರಬರುವುದು ಸಾಲದಿದ್ದರೆ ರೀಫಿಲ್ ತೆಗೆದು ಅರ್ಧ ಮಿ.ಮೀ. ಒತ್ತಿ ಮತ್ತೆ ನೋಡಿ. ಪೂರ್ತಿ ತಿರುಗಿಸಿದಾಗ ಮೊನೆ ಎರಡು ಮಿ.ಮೀ.ಯಷ್ಟು ಹೊರಗೆ, ಹಿಂದಕ್ಕೆ ತಿರುಗಿಸಿದಾಗ ಪೂರ್ತಿ ಮರೆ, ಅಲ್ಲಿಗೆ ಸರಿ. ಹೆಚ್ಚು ಒತ್ತಿದರೆ ಮೊನೆ ಒಳಗೆ ಹೋಗುವುದೇ ಇಲ್ಲ. ಆಗ ತುದಿಯ ಕಡೆಯಿಂದ ತೆಳು ದಂಡ ತೂರಿಸಿ ಮೆಕ್ಯಾನಿಸಂ ಅನ್ನು ಬಡಿದು ಹೊರತೆಗೆಯಬೇಕು, ಬಡಿಯುವಾಗ ಅಂಚು ಸೀಳುವ ಸಂಭವವೇ ಹೆಚ್ಚು. ಮೇಲಿನ ತುಂಡಿಗೆ ಕ್ಲಿಪ್ ಮತ್ತು ತಲೆಯ ಗುಂಡಿ ಒತ್ತಿ, ನಡುವಿನ ಉಂಗುರ ಹಾಕಿ, ಅದನ್ನು ಮೆಕ್ಯಾನಿಸಂ ಮೇಲೆ ಕೈಯಿಂದಲೇ ತಳ್ಳಬೇಕು, ಮೊದಲೇ ಎಳೆದಿಟ್ಟ ಗೆರೆಯ ನೆನಪಿನಲ್ಲಿ ಎರಡೂ ಅರ್ಧಗಳ ಬಣ್ಣದ ಸುಳಿ ಕೂಡುವ ಹಾಗೆ.

ಪೆನ್ನನ್ನು ಒಂದು ದಿನ ಹಾಗೇ ಇಟ್ಟು, ಭೂತಗನ್ನಡಿಯಲ್ಲಿ ನಾಲ್ಕು ತುದಿಗಳನ್ನೂ ನೋಡಿ. ಕೂದಲೆಳೆಯ ಸೀಳು ಬರುವುದಿದ್ದರೆ ಹೆಚ್ಚಾಗಿ ಆ ಇಪ್ಪತ್ತನಾಲ್ಕು ಗಂಟೆಯಲ್ಲಿ, ಒತ್ತಿದ ಭಾಗದ ಅಂಚಿನಿಂದ ಒಳಕ್ಕೆ ಬರುತ್ತದೆ. ಬಂದಿದ್ದರೆ ಪ್ರೆಸ್ಸನ್ನು ಬೈಯುವ ಮೊದಲು ಡ್ರಿಲ್ ಬಿಟ್ಟಿನ ತುದಿಯನ್ನು ಪರೀಕ್ಷಿಸಿ ನೋಡಿ.